ಜಾಗವೇ ಇಲ್ಲ, ಇದ್ದರೆ ನಮ್ಮದು: ವಕೀಲರಿಗೆ ಒಂದು ಪ್ರಶ್ನೆ

ಪ್ರಶ್ನೆ (ಸೋಮವಾರಪೇಟೆ ಕಡೆಯವರು)

ಮೇಡಂ, ನಮಸ್ಕಾರ. ನಮ್ಮ ಕಾಫಿ ತೋಟದ ಕೆಳಗಡೆ, ಹಳೇ ಕಡಂಗದ (ಹಿಂದಿನವರು ತೋಡಿದ ಕಂದಕ) ಪಕ್ಕ 18 ಸೆಂಟು ಜಾಗ ಇದೆ. ಅದರ ಮೇಲೆ ಪಕ್ಕದ ತೋಟದವರ ಜೊತೆ ಕೇಸು. ದಾವೆ ಹಾಕಿದ್ದು ನಮ್ಮಪ್ಪ. ಮೊನ್ನೆ ಎದುರು ಪಾರ್ಟಿಯವರ ರಿಟನ್ ಸ್ಟೇಟ್‌ಮೆಂಟ್, ಅಂದರೆ ದಾವೆಗೆ ಅವರು ಬರೆದುಕೊಟ್ಟ ಉತ್ತರ, ಕೈಗೆ ಬಂತು. ರಾತ್ರಿ ಊಟ ಆದ ಮೇಲೆ ಮನೆಯವರಿಗೆಲ್ಲ ಓದಿ ಹೇಳಿದೆ. ನಾಲ್ಕನೇ ಪ್ಯಾರಾದಲ್ಲಿ ಅಂಥ ಜಾಗವೇ ಇಲ್ಲ ಅಂತಿದೆ. ಏಳನೇ ಪ್ಯಾರಾದಲ್ಲಿ ಆ ಜಾಗ ಅಜ್ಜನ ಕಾಲದಿಂದ ತಮ್ಮದೇ ಅಂತಿದೆ. ಹನ್ನೊಂದನೇ ಪ್ಯಾರಾದಲ್ಲಿ, ಒಂದು ವೇಳೆ ಜಾಗ ನಮ್ಮಪ್ಪನದು ಅಂತಾದರೂ, 12 ವರ್ಷಕ್ಕಿಂತ ಜಾಸ್ತಿ ತಾವೇ ಅನುಭವಿಸಿಕೊಂಡು ಬಂದಿರುವುದರಿಂದ ಅದು ತಮಗೇ ಸೇರಬೇಕು ಅಂತಿದೆ!

ನನ್ನ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ನಗಲಿಲ್ಲ. ಎದ್ದು ಹೋಗಿ ಜಗಲಿಯಲ್ಲಿ ಕೂತರು. ಇದೇ ಮಾತನ್ನು ನಾಟಕದಲ್ಲಿ ಹೇಳಿದರೆ ಊರೆಲ್ಲ ನಗುತ್ತದೆ. ಕೋರ್ಟಲ್ಲಿ ಯಾರೂ ಯಾಕೆ ನಗುವುದಿಲ್ಲ? ಇದನ್ನೆಲ್ಲ ಒಪ್ಪುತ್ತಾರಾ?

ಉತ್ತರ

ನಿಮ್ಮಪ್ಪ ಎದ್ದು ಹೋಗಿದ್ದು ನನಗೆ ಅರ್ಥವಾಗುತ್ತದೆ. ಬೇಲಿ ಕಟ್ಟಿದವರಿಗೆ, ಬುಡ ಬಿಡಿಸಿದವರಿಗೆ ‘ಅಂಥ ಜಾಗವೇ ಇಲ್ಲ’ ಎಂಬ ಮಾತು ಚುಚ್ಚುತ್ತದೆ. ಮೊದಲು ಆ ಮಾತು ಯಾಕೆ ಬರುತ್ತದೆ ಅಂತ ಹೇಳುತ್ತೇನೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದಲ್ಲಿ (ಇಲ್ಲಿ ಆದೇಶ ಅಂದರೆ ಅಧ್ಯಾಯದ ಹಾಗೆ) ಒಂದು ನಿಯಮ ಇದೆ. ದಾವೆಯಲ್ಲಿ ಹೇಳಿದ ಸಂಗತಿಯನ್ನು ಎದುರಿನವರು ಸ್ಪಷ್ಟವಾಗಿ ಅಲ್ಲಗಳೆಯದಿದ್ದರೆ ಒಪ್ಪಿಕೊಂಡ ಹಾಗೆ. ಸುಮ್ನೆ ಬಿಟ್ಟರೂ ಒಪ್ಪಿದ ಹಾಗೇ. ಅದಕ್ಕೇ ವಕೀಲರು ಒಂದನ್ನೂ ಬಿಡದೆ ಎಲ್ಲವನ್ನೂ ಅಲ್ಲಗಳೆದು ಬಿಡುತ್ತಾರೆ. ಜಾಗ, ಚೆಕ್ಕುಬಂದಿ, ಕೆಲವು ಸಲ ದಾವೆ ಹಾಕಿದವರ ವಿಳಾಸವನ್ನೂ. ನಿಯಮ ಬಂದದ್ದು ವ್ಯಾಜ್ಯ ಚಿಕ್ಕದಾಗಲಿ, ನಿಜವಾಗಿ ಜಗಳ ಇರುವ ಸಂಗತಿ ಮಾತ್ರ ಉಳಿಯಲಿ ಅಂತ. ವಕೀಲರ ಭಯದಿಂದ ಅದು ಉಲ್ಟಾ ಆಗಿದೆ. ಇದು ನನಗೆ ಸರಿ ಅನಿಸಿಲ್ಲ. ನನ್ನ ಕೈಲಾದ ಮಟ್ಟಿಗೆ ಕಕ್ಷಿದಾರರಿಗೆ ‘ನಿಜ ಇರುವುದನ್ನು ಒಪ್ಪಿಕೊಳ್ಳೋಣ’ ಅಂತಲೇ ಹೇಳುತ್ತೇನೆ.

ಇನ್ನು ‘ಇಲ್ಲ, ಇದ್ದರೆ ನಮ್ಮದು, ನಮ್ಮದಲ್ಲದಿದ್ದರೂ ನಮಗೇ’ ಎಂಬ ವಾದ. ಪ್ರತಿವಾದಿ ಒಂದಕ್ಕೊಂದು ಹೊಂದದ ವಾದಗಳನ್ನು ಹೂಡಬಹುದು, ಕಾನೂನು ಬಿಡುತ್ತದೆ. ಒಂದು ಬಿದ್ದರೆ ಇನ್ನೊಂದು ಇರಲಿ ಅಂತ. ಆದರೆ ಅವರ ಏಳನೇ ಪ್ಯಾರಾ ಮತ್ತು ಹನ್ನೊಂದನೇ ಪ್ಯಾರಾ ಕೊನೆವರೆಗೂ ಜೊತೆಗೆ ನಡೆಯುವುದಿಲ್ಲ. ಬೇರೆಯವರ ಜಾಗದಲ್ಲಿ ಅವರಿಗೆ ಎದುರಾಗಿ, ಬಹಿರಂಗವಾಗಿ 12 ವರ್ಷ ಇದ್ದೆ ಅಂತ ಹೇಳುವುದಕ್ಕೆ ಪ್ರತಿಕೂಲ ಸ್ವಾಧೀನ ಅನ್ನುತ್ತಾರೆ. ಹಾಗೆ ಹೇಳಬೇಕಾದರೆ ಜಾಗ ಬೇರೆಯವರದು ಅಂತ ಮೊದಲು ಒಪ್ಪಬೇಕು, ಅಲ್ವಾ? ಸುಪ್ರೀಂ ಕೋರ್ಟ್ ಕರ್ನಾಟಕ ವಕ್ಫ್ ಮಂಡಳಿಯ ಕೇಸಿನಲ್ಲಿ 2004ರಲ್ಲಿ ಇದನ್ನೇ ಹೇಳಿದೆ. ನನ್ನದು ಎನ್ನುವ ಮಾತನ್ನು ಬಿಟ್ಟುಕೊಡುವವರೆಗೆ ಪ್ರತಿಕೂಲ ಸ್ವಾಧೀನದ ಮಾತು ಶುರುವೇ ಆಗುವುದಿಲ್ಲ. ಅದರ ಮೇಲೆ, ಯಾವ ದಿನದಿಂದ ಜಾಗಕ್ಕೆ ಬಂದರು, ಅದು ನಿಮ್ಮಪ್ಪನಿಗೆ ಗೊತ್ತಿತ್ತಾ, ಅಡ್ಡಿ ಇಲ್ಲದೆ ಎಷ್ಟು ವರ್ಷ ಇದ್ದರು ಎಂಬುದನ್ನೆಲ್ಲ ಅವರೇ ರುಜುವಾತು ಮಾಡಬೇಕು. ಸುಮ್ನೆ ನಾಲ್ಕು ಸಲ ಮೆಣಸು ಕೊಯ್ದರೆ ಸಾಲದು.

ಹಾಗಾಗಿ ಹನ್ನೊಂದನೇ ಪ್ಯಾರಾ ಓದಿ ಹೆದರಬೇಡಿ. ಅವರು ಅದನ್ನು ಹಿಡಿದು ನಿಂತರೆ ಜಾಗ ನಿಮ್ಮಪ್ಪನದು ಅಂತ ಒಪ್ಪಿ ನಿಲ್ಲಬೇಕಾಗುತ್ತದೆ. ಇದನ್ನು ಅಪ್ಪನಿಗೆ ಇವತ್ತೇ ಹೇಳಿ.

ಯಾರೂ ಯಾಕೆ ನಗುವುದಿಲ್ಲ ಅಂತ ಕೇಳಿದಿರಿ. ನಾಟಕದಲ್ಲಿ ಹಾಸ್ಯಗಾರ ಮೂರೂ ಮಾತನ್ನು ಒಂದೇ ಉಸಿರಿಗೆ ಹೇಳುತ್ತಾನೆ. ಮೊದಲನೆಯದು ಕಿವಿಯಲ್ಲಿರುವಾಗಲೇ ಮೂರನೆಯದು ಬೀಳುತ್ತದೆ. ನಗು ಬರುವುದು ಅಲ್ಲಿ. ನೀವು ಊಟದ ಮನೆಯಲ್ಲಿ ಓದಿದ್ದೂ ಹಾಗೇ, ಅದಕ್ಕೇ ತಮ್ಮನಿಗೆ ನಗು ಬಂತು. ಕೋರ್ಟಿನಲ್ಲಿ ಮೂರೂ ಬೇರೆ ಬೇರೆ ವಿವಾದಾಂಶ, ಅಂದರೆ ಜಡ್ಜ್ ತೀರ್ಮಾನಿಸಬೇಕಾದ ಬೇರೆ ಬೇರೆ ಪ್ರಶ್ನೆ, ಆಗುತ್ತವೆ. ಒಂದಕ್ಕೆ ಈ ವರ್ಷ ಸಾಕ್ಷಿ, ಇನ್ನೊಂದಕ್ಕೆ ಮುಂದಿನ ವರ್ಷ. ಅಷ್ಟರಲ್ಲಿ ಜಡ್ಜ್ ವರ್ಗವಾಗಿ ಹೋಗಿರುತ್ತಾರೆ. ಮೂರು ಮಾತನ್ನೂ ಒಟ್ಟಿಗೆ ಕೇಳಿಸಿಕೊಂಡವರೇ ಇರುವುದಿಲ್ಲ. ನನ್ನ ಸಿಟ್ಟೆಲ್ಲ ಈ ಹರಡಿಕೊಳ್ಳುವುದರ ಮೇಲೆ. ತರ್ಕ ಎಷ್ಟೇ ವಿಚಿತ್ರ ಇರಲಿ, ಒಂದೇ ದಿನ ಎದುರಿಗಿಟ್ಟರೆ ಯಾವುದು ಗಟ್ಟಿ, ಯಾವುದು ಪೊಳ್ಳು ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಪ್ರಶ್ನೆ (ಶಾಲಾ ಶಿಕ್ಷಕರು, ಕುಶಾಲನಗರ)

ಮೇಡಂ, ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಕೋರ್ಟ್ ಸೀನ್ ಇರುವ ನಗೆ ನಾಟಕ ಮಾಡಿಸುತ್ತಿದ್ದೇವೆ. ತಪ್ಪಿಲ್ಲದ ಹಾಗೆ ಮಾಡಬೇಕು.

ಉತ್ತರ

ಸುತ್ತಿಗೆ ತೆಗೆದುಬಿಡಿ ಸರ್. ನಮ್ಮ ಕೋರ್ಟುಗಳಲ್ಲಿ ಜಡ್ಜ್ ಸುತ್ತಿಗೆ ಕುಟ್ಟುವುದಿಲ್ಲ. ಗೀತೆ ಮೇಲೆ ಕೈ ಇಡುವುದೂ ಇಲ್ಲ. 1969ರ ಪ್ರಮಾಣ ವಚನ ಕಾಯ್ದೆಯ ಪ್ರಕಾರ ದೇವರ ಹೆಸರಲ್ಲಿ ಅಥವಾ ಸತ್ಯನಿಷ್ಠೆಯಿಂದ ಪ್ರಮಾಣ ಮಾಡಿದರೆ ಸಾಕು. ಸುತ್ತಿಗೆ ಬದಲು ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗುವವರನ್ನು ಇಡಿ. ಆ ಕೂಗಿಗೆ ಓಡಿ ಬಂದವರಿಗೆ ಅದರ ಬೆಲೆ ಗೊತ್ತು.

ಪ್ರಶ್ನೆ (ಗೋಣಿಕೊಪ್ಪ ಕಡೆಯವರು)

ಅಕ್ಕ, ನಮ್ಮ ಮಾವ ಒಂದು ಕೇಸಲ್ಲಿ ಸಾಕ್ಷಿ ಹೇಳಿ ಬಂದರು. ಪಾಟೀಸವಾಲಿನಲ್ಲಿ ಆ ವಕೀಲರು ‘ನೀವು ಸ್ಥಳದಲ್ಲೇ ಇರಲಿಲ್ಲ, ನೀವು ಸುಳ್ಳು ಹೇಳ್ತಿದ್ದೀರಿ’ ಅಂತ ಹತ್ತು ಸಲ ಹೇಳಿದರಂತೆ. ಇಲ್ಲ ಅಂದರೂ ಬಿಡಲಿಲ್ಲ. ಮಾವ ಇನ್ನು ಕೋರ್ಟ್ ಮೆಟ್ಟಿಲು ಹತ್ತಲ್ಲ ಅಂತಾರೆ. ನಾಟಕದ ಹಾಗೆ ಬೇಕಂತಲೇ ಕಿಚಾಯಿಸೋದಾ ಇದು?

ಉತ್ತರ

ಮಾವನಿಗೆ ಅವಮಾನ ಆಗಿದೆ, ನಿಜ. ಆದರೆ ಆ ವಕೀಲರು ಅದನ್ನು ಕೇಳಲೇಬೇಕು. ತಮ್ಮ ಕಕ್ಷಿದಾರರ ವಾದ ಏನು ಅಂತ ಸಾಕ್ಷಿಯ ಮುಂದೆ ಇಟ್ಟು, ಅವರಿಗೆ ಉತ್ತರ ಕೊಡಲು ಅವಕಾಶ ಕೊಡಬೇಕು. ಕೇಳದೆ ಬಿಟ್ಟರೆ, ಸಾಕ್ಷಿ ಹೇಳಿದ್ದನ್ನು ಒಪ್ಪಿಕೊಂಡ ಹಾಗೆ ಅಂತ ಆಮೇಲೆ ಎದುರಿನವರು ಹಿಡಿದುಕೊಳ್ಳುತ್ತಾರೆ. ಮಾವನ ಹೇಳಿಕೆಯ ಪ್ರತಿ ತೆಗೆಸಿ ನೋಡಿ. ‘ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ. ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಅಂತ ಬರೆದಿರುತ್ತದೆ. ಹತ್ತು ಸಲ ಬೈದ ಹಾಗೆ ಕೇಳಿಸಿದ್ದು ಕಾಗದದ ಮೇಲೆ ಹತ್ತು ಸಲ ಮಾವ ಗಟ್ಟಿಯಾಗಿ ನಿಂತದ್ದಾಗಿದೆ.

ನನಗೆ ಮರೆಯಲಾಗದ ಒಂದು ದಿನ ಇದೆ. ಜುಲೈ ಮಳೆ, ಕೋರ್ಟ್ ಹಾಲಿನಲ್ಲಿ ಹಗಲಲ್ಲೇ ಲೈಟ್ ಹಾಕಿದ್ದರು. ಕಟಕಟೆಯಲ್ಲಿ ತೋಟದ ಕೆಲಸದ ಒಬ್ಬ ಅಜ್ಜ. ಪ್ಯಾಂಟು ಮೊಣಕಾಲವರೆಗೆ ಮಡಚಿದ್ದರು, ಕಾಲಲ್ಲಿ ಕೆಂಪು ಮಣ್ಣು. ‘ಹೌದು ಇಲ್ಲ ಅಷ್ಟೇ ಹೇಳಿ, ಬೇಲಿ ಕೀಳುವುದನ್ನು ನೀವು ಈಗ ನಿಲ್ಲಿಸಿದ್ದೀರಾ?’ ಅಂತ ವಕೀಲರು ಕೇಳಿದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಾನು ಬೇಲಿ ಕಟ್ಟಿದವನು’ ಅಂದರು. ಜಡ್ಜ್ ಪೆನ್ನು ಕೆಳಗಿಟ್ಟು ಅವರ ಮುಖ ನೋಡಿದರು. ಆ ಪ್ರಶ್ನೆ ಅಲ್ಲಿಗೇ ನಿಂತಿತು.

ಮಾವನಿಗೆ ಹೇಳಿ, ಹೌದು ಇಲ್ಲ ಎರಡರಲ್ಲೂ ಸಿಗದ ಪ್ರಶ್ನೆ ಬಂದರೆ ‘ಸ್ವಾಮಿ, ವಿವರಿಸಿ ಹೇಳಬೇಕು’ ಅಂತ ಜಡ್ಜ್ ಕಡೆ ತಿರುಗಿ ಕೇಳಬಹುದು. ಅವಮಾನ ಮಾಡುವುದಕ್ಕೆಂದೇ ಕೇಳುವ ಪ್ರಶ್ನೆಯನ್ನು ತಡೆಯುವ ಅಧಿಕಾರ ಕೋರ್ಟಿಗೆ ಇದೆ.

ಪ್ರಶ್ನೆ (ವಿರಾಜಪೇಟೆ)

ಮೇಡಂ, ನಮ್ಮ ಚಿಕ್ಕಪ್ಪ ಮನೆ ಬಿಟ್ಟು ಹೋಗಿ 9 ವರ್ಷ. 7 ವರ್ಷ ಆದರೆ ಸತ್ತ ಹಾಗೆ ಅಂತಾರೆ. ಆದರೆ ಯಾವತ್ತು ಸತ್ತರು ಅಂತ ಕೇಳಿದರೆ ಗೊತ್ತಿಲ್ಲ ಅಂತಾರೆ. ಚಿಕ್ಕಮ್ಮ ತಾಳಿ ತೆಗೆದಿಲ್ಲ.

ಉತ್ತರ

ಹೋದ 7 ವರ್ಷದಲ್ಲಿ, ಬದುಕಿದ್ದರೆ ಯಾರಿಗೆ ಸುದ್ದಿ ಬರಬೇಕಿತ್ತೋ ಅವರಿಗೆ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾರೆ ಅಂತ ತೋರಿಸುವ ಹೊಣೆ ಹಾಗೆ ಹೇಳುವವರ ಮೇಲೆ ಬೀಳುತ್ತದೆ. ಕಾನೂನು ಹೇಳುವುದು ಇಷ್ಟೇ. ಯಾವ ದಿನ ತೀರಿಕೊಂಡರು ಅಂತ ಅದು ಊಹಿಸುವುದಿಲ್ಲ. ಒಂದು ಜೀವವಿಮೆ ಕೇಸಿನಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕಾಣೆಯಾದ ದಿನವೇ ಸತ್ತರು ಅಂತಲೂ ಇಲ್ಲ, 7 ವರ್ಷ ತುಂಬಿದ ದಿನ ಸತ್ತರು ಅಂತಲೂ ಇಲ್ಲ. ಅದಕ್ಕೇ ಪಾಲಿಸಿ ಇದ್ದ ಮನೆಯವರು ಕಂತು ಕಟ್ಟುವುದನ್ನು ನಿಲ್ಲಿಸಬಾರದು. ಎಷ್ಟೋ ಮನೆಗಳಲ್ಲಿ ಇದು ಗೊತ್ತಿಲ್ಲದೆ ನಿಲ್ಲಿಸಿಬಿಡುತ್ತಾರೆ. ಪೊಲೀಸ್ ದೂರಿನ ಪ್ರತಿ ಇದ್ದರೆ ತೆಗೆದಿಡಿ, ಘೋಷಣೆಗಾಗಿ ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ತಾಳಿ ವಿಷಯ ಚಿಕ್ಕಮ್ಮನದು. ಅದರಲ್ಲಿ ಯಾವ ಕೋರ್ಟೂ ಕೈ ಹಾಕುವುದಿಲ್ಲ.

ಪ್ರಶ್ನೆ (ಮಡಿಕೇರಿ, ನಿವೃತ್ತ ಉಪನ್ಯಾಸಕರು)

ನಮ್ಮ ಕೊಡಗಿನ ರಾಜನೇ ಇಂಥ ತರ್ಕಕ್ಕೆ ಸಿಕ್ಕಿಕೊಂಡಿದ್ದ, ಅಲ್ಲವೇ?

ಉತ್ತರ

ಹೌದು ಸರ್. ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ಪಟ್ಟದಿಂದ ಇಳಿಸಿತು. 1852ರಲ್ಲಿ ಅವನು ಮಗಳು ಗೌರಮ್ಮನ ಜೊತೆ ಇಂಗ್ಲೆಂಡಿಗೆ ಹೋದ. ಕಂಪನಿಯ ಸಾಲಪತ್ರಗಳಲ್ಲಿದ್ದ ತನ್ನ ಹಣ ವಾಪಸ್ ಕೊಡಿ ಅಂತ ಅಲ್ಲಿನ ಚಾನ್ಸರಿ ಕೋರ್ಟಿನಲ್ಲಿ ಕಂಪನಿ ಮೇಲೆ ದಾವೆ ಹೂಡಿದ. ಬಡ್ಡಿ ಕೊಡುತ್ತೇನೆ ಅಂತ ಪತ್ರ ಬರೆದುಕೊಟ್ಟದ್ದು ಕಂಪನಿ. ಅದನ್ನು ಕಿತ್ತುಕೊಂಡದ್ದೂ ಅದೇ ಕಂಪನಿ. ಆದರೆ ಕೋರ್ಟಿನಲ್ಲಿ ನಿಂತು, ಕಿತ್ತುಕೊಂಡಾಗ ನಾವು ಸರ್ಕಾರವಾಗಿದ್ದೆವು, ಯುದ್ಧ ಮಾಡಿ ತೆಗೆದುಕೊಂಡದ್ದು ಅಂದಿತು. ಕೋರ್ಟ್ ಅದನ್ನು ಒಪ್ಪಿ, ಇದರಲ್ಲಿ ತಾನು ಕೈಹಾಕುವಂತಿಲ್ಲ ಅಂತ ಹೇಳಿತು. ತೀರ್ಪು 1860ರದು. ರಾಜ 1859ರಲ್ಲೇ ಲಂಡನ್ನಿನಲ್ಲಿ ತೀರಿಕೊಂಡಿದ್ದ. ಸೋಮವಾರಪೇಟೆಯವರ ಪಕ್ಕದ ತೋಟದವರು ನಾಲ್ಕು, ಏಳು, ಹನ್ನೊಂದು ಅಂತ ಪ್ಯಾರಾ ಬದಲಿಸಿದ ಹಾಗೇ ಕಂಪನಿ ವೇಷ ಬದಲಿಸಿತು. ಆ ತೀರ್ಪು ಓದುವಾಗ ನನಗೆ ಈಗಲೂ ಸಂಕಟ ಆಗುತ್ತದೆ.

ಮೊದಲ ಪ್ರಶ್ನೆ ಕೇಳಿದವರು

ಮೇಡಂ, ಅಪ್ಪನಿಗೆ ನಿಮ್ಮ ಉತ್ತರ ಓದಿ ಹೇಳಿದೆ. ಹನ್ನೊಂದನೇ ಪ್ಯಾರಾ ಎರಡು ಸಲ ಓದಿಸಿದರು. ಆಮೇಲೆ ಒಂದೇ ಮಾತು ಕೇಳಿದರು, ‘ನಾನಿರುವಾಗ ಮುಗಿಯುತ್ತಾ?’ ಅವರಿಗೆ 78.

ಉತ್ತರ

ಇದಕ್ಕೆ ಹೌದು ಅಂತ ಸುಳ್ಳು ಹೇಳಲಾರೆ. ಒಬ್ಬ ಪಾರ್ಟಿಗೆ ಮೂರಕ್ಕಿಂತ ಜಾಸ್ತಿ ಸಲ ವಾಯಿದೆ ಕೊಡಬಾರದು ಅಂತ ಪುಸ್ತಕದಲ್ಲಿ ಇದೆ. ನಿಜವಾದ ಕಷ್ಟ ಇದ್ದರೆ ಕೊಡಬಹುದು ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಸಡಿಲಿಸಿತು. ಆ ಸಡಿಲಿನಲ್ಲಿ ವರ್ಷಗಳು ಸೋರಿ ಹೋಗುತ್ತವೆ. ಆದರೆ ಮಾಡುವುದಕ್ಕೆ ಕೆಲಸ ಇದೆ.

ನಿಮ್ಮ ವಕೀಲರಿಗೆ ಹೇಳಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 16ನೇ ನಿಯಮದಲ್ಲಿ ಅರ್ಜಿ ಹಾಕಿಸಿ. ವಯಸ್ಸಿನ ಕಾರಣ ಕೊಟ್ಟು ಅಪ್ಪನ ಸಾಕ್ಷಿಯನ್ನು ಈಗಲೇ ತೆಗೆದುಕೊಳ್ಳಿ ಅಂತ ಕೇಳಬಹುದು. ಕಡಂಗ ಎಲ್ಲಿದೆ, ಬೇಲಿ ಯಾವ ವರ್ಷ ಹಾಕಿದರು, ಯಾವ ಹಾಲುವಾಣದ ಮರ ಗಡಿಗೆ ನೆಟ್ಟದ್ದು ಎಂಬುದು ಅವರ ಬಾಯಲ್ಲೇ ದಾಖಲಾಗಬೇಕು. ಜಾಗವೇ ಇಲ್ಲ ಅಂದಿದ್ದಾರಲ್ಲ, ಅದಕ್ಕೆ ಕೋರ್ಟ್ ಕಮಿಷನರ್ ನೇಮಿಸಿ ಅಳತೆ ಮಾಡಿಸಲು ಕೇಳಿ. ಚೈನು ಎಳೆದರೆ ನಾಲ್ಕನೇ ಪ್ಯಾರಾದ ಕತೆ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಆಮೇಲೆ ಲೋಕ ಅದಾಲತ್‌ನಲ್ಲಿ ಮಾತಾಡುವ ಮನಸ್ಸು ಎರಡೂ ಕಡೆ ಬಂದರೆ ಒಳ್ಳೆಯದು. ಅಲ್ಲಿ ರಾಜಿಯಾದರೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀಸೂ ವಾಪಸ್ ಬರುತ್ತದೆ.

ನಾಳೆಯೇ ಆರ್‌ಟಿಸಿ, ಹಳೇ ಸರ್ವೆ ನಕ್ಷೆ, ಬೇಲಿಯ ಫೋಟೋ ಒಂದು ಫೈಲಿಗೆ ಹಾಕಿ. ಅಪ್ಪನನ್ನೂ ಕರೆದುಕೊಂಡು ಹೋಗಿ ವಕೀಲರ ಎದುರು ಕೂರಿಸಿ. ಮಳೆ ಹಿಡಿಯುವ ಮೊದಲು ಅಳತೆ ಆಗಿಬಿಡಲಿ, ಆಮೇಲೆ ಕಡಂಗದಲ್ಲಿ ಕಾಲಿಡಲು ಆಗುವುದಿಲ್ಲ.