ಬೆಂಕಿ ಗಾಡಿ ಸ್ವಲ್ಪ ನಿಧಾನ ಬಂದರೆ ತಪ್ಪಾ?

ಕಾರಟಗಿ ಹುಡುಗ: ನಿನ್ನೆ ಸಂಜೆ ಕಣ್ಣಾರೆ ಕಂಡದ್ದು. ಪಕ್ಕದ ಊರಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತ್ತು. ಓಡಿ ಬಂದ ಫೈರ್ ಗಾಡಿ ಕಾಲುವೆ ತಿರುವಿನಲ್ಲಿ ವಾಲಿತು. ಎಡಗಡೆ ಚಕ್ರ ಮಣ್ಣಿಗಿಳಿದು, ಹೇಗೋ ಮತ್ತೆ ರಸ್ತೆ ಹಿಡಿಯಿತು. ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು, ಅಂಚಿಗೆ ಕಲ್ಲು ಬೇರೆ. ಅಷ್ಟು ಜೋರಾಗಿ ಬರಬೇಕಿತ್ತಾ?

ಎರಡು ಎಮ್ಮೆ ಗೌಡ: ಬರದೆ ಮತ್ತೆ? ಬಣವೆ ಅಂದರೆ ದನಗಳ ವರ್ಷದ ಊಟ ತಮ್ಮಾ. ಹೋದ ವರ್ಷ ನಮ್ಮದಕ್ಕೆ ಬೆಂಕಿ ಬಿದ್ದಾಗ ಗಾಡಿ ಬರುವಷ್ಟರಲ್ಲಿ ಬೂದಿ ಉಳಿದಿತ್ತು. ಮೊಬೈಲ್ ಹಿಡಿದು ಹೇಳೋದು ಸುಲಭ.

ಟ್ಯಾಂಕರ್ ಅಣ್ಣ: ಗೌಡ್ರೇ, ನಾನು 20 ವರ್ಷ ನೀರಿನ ಟ್ಯಾಂಕರ್ ಓಡಿಸಿದವನು. 4,500 ಲೀಟರ್ ಅಂದರೆ ನಾಲ್ಕೂವರೆ ಟನ್. ಆ ನೀರು ಸುಮ್ನೆ ಕೂರೋದಿಲ್ಲ. ತಿರುವಿನಲ್ಲಿ ಸ್ಟೇರಿಂಗ್ ಎಳೆದರೆ ಗಾಡಿ ಒಂದು ಕಡೆ ಹೋಗುತ್ತೆ, ನೀರು ಇನ್ನೊಂದು ಕಡೆ ಎಳೆಯುತ್ತೆ. ಟ್ಯಾಂಕಿನೊಳಗೆ ಅಡ್ಡ ತಗಡು ಇದ್ದರೂ ಆ ಹೊಡೆತ ಪೂರ್ತಿ ನಿಲ್ಲಲ್ಲ. ತುಂಬಿದ ಟ್ಯಾಂಕಿಗಿಂತ ಅರ್ಧ ಖಾಲಿಯಾದದ್ದು ಜಾಸ್ತಿ ಆಟ ಆಡಿಸುತ್ತೆ. ಅಂದರೆ ಬೆಂಕಿ ಆರಿಸಿ ವಾಪಸ್ ಬರುವಾಗಲೂ ಹುಷಾರಾಗಿರಬೇಕು. ಆಗ ಯಾರೂ ಸೈರನ್ ಹಾಕಿರಲ್ಲ, ಎಲ್ಲರೂ ದಣಿದಿರುತ್ತಾರೆ.

ಲೆಕ್ಕ ಹಾಕಿ ನೋಡಿ. 10 ಕಿ.ಮೀ. ದಾರಿಗೆ 60ರಲ್ಲಿ ಬಂದರೆ 10 ನಿಮಿಷ, 50ರಲ್ಲಿ ಬಂದರೆ 12. ಉಳಿಯೋದು ಎರಡೇ ನಿಮಿಷ.

ಎರಡು ಎಮ್ಮೆ ಗೌಡ: ಗಾಳಿ ಬೀಸುವಾಗ ಎರಡು ನಿಮಿಷಕ್ಕೆ ಪಕ್ಕದ ಬಣವೆಯೂ ಹೋಗುತ್ತೆ.

ಟ್ಯಾಂಕರ್ ಅಣ್ಣ: ಗಾಡಿ ಕಾಲುವೆಗೆ ಬಿದ್ದರೆ? ಆಮೇಲೆ ಇನ್ನೊಂದು ಊರಿಂದ ಗಾಡಿ ಬರಬೇಕು. ಅದೂ ಮೊದಲು ಬಿದ್ದವರನ್ನು ಎತ್ತಬೇಕಲ್ವಾ?

ಸಿಂಧನೂರು ಮೇಷ್ಟ್ರು: ಸೈರನ್ ಹಾಕಿದರೆ ಎಲ್ಲ ಮಾಫಿ ಅಂತ ಅಲ್ಲ. 2017ರ ಚಾಲನಾ ನಿಯಮದಲ್ಲಿ ಕೆಂಪು ದೀಪ ದಾಟಲು, ವೇಗದ ಮಿತಿ ಮೀರಲು ಅವಕಾಶ ಇದೆ. ಆದರೆ ಎಚ್ಚರದಿಂದ ಹೋಗಬೇಕು ಅಂತಲೂ ಅಲ್ಲೇ ಇದೆ. ಇನ್ನು ದಾರಿ ಬಿಡದವರಿಗೆ 2019ರ ತಿದ್ದುಪಡಿ ಪ್ರಕಾರ 10,000 ರೂಪಾಯಿ ದಂಡ. ನಮ್ಮ ಟ್ರ್ಯಾಕ್ಟರ್‌ಗಳಲ್ಲಿ ಹಾಡಿನ ಡೆಕ್ ಹಾಕಿದ ಮೇಲೆ ಸೈರನ್ ಯಾರಿಗೆ ಕೇಳಬೇಕು, ಅದು ಬೇರೆ ಮಾತು.

ಕಾರಟಗಿ ಹುಡುಗ: ಇನ್ನೊಂದು ಮರೆತೆ. ಗಾಡಿ ವಾಲಿದಾಗ ಹಿಂದಿನ ಸೀಟಿನ ಒಬ್ಬರು ಬಗ್ಗಿ ಗಮ್‌ಬೂಟು ಹಾಕಿಕೊಳ್ಳುತ್ತಿದ್ದರು. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು. ಬೆಲ್ಟ್ ಇಲ್ಲ. ತಲೆ ಕಿಟಕಿಗೆ ಬಡಿದ ಸದ್ದು ನನಗೆ ಕೇಳಿಸಿತು.

ಟ್ಯಾಂಕರ್ ಅಣ್ಣ: ಬೂಟು, ಕೋಟು ಎಲ್ಲ ಸ್ಟೇಷನ್ನಲ್ಲೇ ಹಾಕಿ, ಬೆಲ್ಟ್ ಬಿಗಿದ ಮೇಲೆ ಗಾಡಿ ಬಿಡಬೇಕು. ಹೆಚ್ಚು ಹೊತ್ತಿನ ಕೆಲಸ ಅಲ್ಲ. ಡ್ರೈವರ್ ಒಬ್ಬನನ್ನೇ ಬೈದರೆ ಆಗಲ್ಲ, ಪಕ್ಕದಲ್ಲಿ ಕೂತ ಅಧಿಕಾರಿ "ನಿಧಾನ" ಅನ್ನಬೇಕು.

ಸಿಂಧನೂರು ಮೇಷ್ಟ್ರು: ರಸ್ತೆ ಮೇಲಿನ ಭತ್ತದ ಬಗ್ಗೆ ಯಾರೂ ಮಾತಾಡ್ತಿಲ್ಲ ನೋಡಿ.

ಎರಡು ಎಮ್ಮೆ ಗೌಡ: ನಾನೂ ಹಾಕಿದ್ದೇನೆ ಸರ್, ಸುಳ್ಳು ಯಾಕೆ. ಮಷಿನ್ನಲ್ಲಿ ಕೊಯ್ದ ಭತ್ತ ಹಸಿ ಇರುತ್ತೆ, ಒಣಗಿಸದಿದ್ದರೆ ರೇಟು ಮುರಿಯುತ್ತಾರೆ. ಕಣ ಎಲ್ಲಿದೆ ಈಗ?

ಟ್ಯಾಂಕರ್ ಅಣ್ಣ: ತಿರುವು ಬಿಟ್ಟು ಹಾಕಿ. ಕಲ್ಲಾದರೂ ತೆಗೀರಿ.

ಎರಡು ಎಮ್ಮೆ ಗೌಡ: ಕಲ್ಲು ಇವತ್ತೇ ತೆಗೆಸ್ತೀನಿ. ಭತ್ತಕ್ಕೆ ಇನ್ನೊಂದು ಬಿಸಿಲು ಬೇಕು.