ಅಡ್ಡಹಾಯುವ ರನ್‌ವೇಗಳಲ್ಲಿ ವಿಮಾನಗಳು ಇಳಿಯುವುದು ಹೇಗೆ? ನಿವೃತ್ತ ಏರ್ ಟ್ರಾಫಿಕ್ ಕಂಟ್ರೋಲರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಶಾಲಾ ಶಿಕ್ಷಕರು, ಚಿಕ್ಕಬಳ್ಳಾಪುರ): ಸರ್, ನಮಸ್ಕಾರ. ಮಕ್ಕಳನ್ನು ನಂದಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದಾಗ, ದೇವನಹಳ್ಳಿಯ ಕಡೆ ಒಂದು ವಿಮಾನ ಇಳಿಯುತ್ತಿರುವಾಗಲೇ ಇನ್ನೊಂದು ಏರುವುದು ಕಂಡಿತು. ಮುಂಬೈಯಲ್ಲಿ ರನ್‌ವೇಗಳು ಒಂದನ್ನೊಂದು ಕತ್ತರಿಸುತ್ತವೆ ಎಂದು ಒಬ್ಬ ಹುಡುಗ ಹೇಳಿದ. ಅಲ್ಲಿ ಎರಡು ವಿಮಾನಗಳು ಒಟ್ಟಿಗೆ ಬಂದರೆ ಗತಿಯೇನು?

ಉತ್ತರ: ಮೇಷ್ಟರೇ, ಹುಡುಗ ಹೇಳಿದ್ದು ನಿಜ. ದೇವನಹಳ್ಳಿಯ ಎರಡು ರನ್‌ವೇಗಳು ಸಮಾನಾಂತರವಾಗಿವೆ, ತಲಾ 4,000 ಮೀಟರ್. ಎರಡನೆಯದು 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂತು. ಆದರೆ ಮುಂಬೈಯ 09/27 ಮತ್ತು 14/32 ಎಂಬ ಎರಡು ರನ್‌ವೇಗಳು ಒಂದನ್ನೊಂದು ದಾಟುತ್ತವೆ. ಅಲ್ಲಿ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ರನ್‌ವೇ. ಮಳೆಗಾಲದ ಹಿಂದೆಮುಂದೆ ದುರಸ್ತಿಗೆಂದು ಎರಡನ್ನೂ ಒಂದೇ ದಿನ ಕೆಲವು ಗಂಟೆ ಮುಚ್ಚುವುದನ್ನು ಪತ್ರಿಕೆಗಳಲ್ಲಿ ನೋಡಿರುತ್ತೀರಿ.

ಎರಡನ್ನೂ ಬಳಸುವ ಕಡೆ ನಿಯಮ ಸರಳ. ಮೊದಲು ಇಳಿದ ವಿಮಾನ ಅಡ್ಡಹಾಯುವ ಜಾಗವನ್ನು ದಾಟಿರಬೇಕು, ಇಲ್ಲವೇ ರನ್‌ವೇ ಬಿಟ್ಟು ಹೊರಗೆ ತಿರುಗಿರಬೇಕು. ಆಮೇಲೆಯೇ ಎರಡನೆಯದು ತನ್ನ ರನ್‌ವೇಯ ಅಂಚಿಗೆ ಬರಬಹುದು. ಕಷ್ಟವಿರುವುದು ಇದರಲ್ಲಲ್ಲ. ಇಳಿಯಬೇಕಾದ ವಿಮಾನ ಇಳಿಯದೆ ಹೋದರೆ?

ಪ್ರಶ್ನೆ (ಗೃಹಿಣಿ, ಶಿಡ್ಲಘಟ್ಟ): ನನಗೆ ಹಾಗೆಯೇ ಆಗಿತ್ತು ಸರ್. ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಮತ್ತೆ ಮೇಲಕ್ಕೆ ಎತ್ತಿಬಿಟ್ಟರು. ಪೈಲಟ್‌ಗೆ ಇಳಿಸಲು ಬರುವುದಿಲ್ಲ ಎಂದು ನಮ್ಮ ಯಜಮಾನರು ಇಳಿಯುವವರೆಗೂ ಬೈಯುತ್ತಲೇ ಇದ್ದರು.

ಉತ್ತರ: ಯಜಮಾನರಿಗೆ ಹೇಳಿ ತಾಯಿ, ಬೈಯಬೇಕಾದ್ದು ಹಟ ಹಿಡಿದು ಇಳಿಸುವ ಪೈಲಟ್‌ನನ್ನು. ಇದಕ್ಕೆ ಗೋ ಅರೌಂಡ್ ಎನ್ನುತ್ತೇವೆ. ಗಾಳಿ ಹೊರಳಿತು, ವೇಗ ಹೆಚ್ಚಾಯಿತು, ರನ್‌ವೇಗೆ ನಾಯಿ ಬಂತು, ಮುಂದಿನ ವಿಮಾನ ಇನ್ನೂ ಜಾಗ ಬಿಟ್ಟಿಲ್ಲ: ಯಾವುದಾದರೂ ಸಾಕು. ಕೊನೆಯ ಹಂತದಲ್ಲಿ ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 260 ಕಿ.ಮೀ., ಅಂದರೆ ನಿಮಿಷಕ್ಕೆ ನಾಲ್ಕು ಕಿ.ಮೀ.ಗೂ ಮೇಲೆ. ಅಡ್ಡ ರನ್‌ವೇಯಲ್ಲಿ ಅದೇ ಕ್ಷಣ ಇನ್ನೊಂದು ಏರುತ್ತಿದ್ದರೆ ಎರಡೂ ತಗ್ಗಿನಲ್ಲೇ, ಒಂದೇ ಬಿಂದುವಿನತ್ತ ಹೋಗುತ್ತಿರುತ್ತವೆ. ಹೀಗಾಗಿ ಕಂಟ್ರೋಲರ್ ಅಂತರ ಬಿಡುವಾಗ, ಬರುತ್ತಿರುವ ವಿಮಾನ ಇಳಿಯುವುದೇ ಇಲ್ಲ ಎಂದುಕೊಂಡೇ ಲೆಕ್ಕ ಹಾಕಬೇಕು. ರನ್‌ವೇಗಳು ನೆಲದ ಮೇಲೆ ಕೂಡದಿದ್ದರೂ ಹಾರುವ ದಾರಿಗಳು ಕೂಡಬಹುದು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2013ರಲ್ಲಿ ಎಚ್ಚರಿಸಿದ್ದು ಇದನ್ನೇ.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ, ಚಿಂತಾಮಣಿ): ವಿಮಾನದಲ್ಲಿ ಟಿಕಾಸ್ ಎಂಬ ಎಚ್ಚರಿಕೆ ಉಪಕರಣ ಇರುತ್ತದಲ್ಲ ಸರ್? ಡಿಕ್ಕಿಯನ್ನು ಅದೇ ತಪ್ಪಿಸುವುದಿಲ್ಲವೇ?

ಉತ್ತರ: ಮೇಲೆ ಹಾರುವಾಗ ತಪ್ಪಿಸುತ್ತದೆ. ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ‘ಏರು’, ‘ಇಳಿ’ ಎನ್ನುವ ಆದೇಶವನ್ನು ಅದು ಕೊಡುವುದೇ ಇಲ್ಲ. ಕೊಡಬಾರದು ಕೂಡ, ಅಷ್ಟು ತಗ್ಗಿನಲ್ಲಿ ‘ಇಳಿ’ ಎಂದರೆ ಎಲ್ಲಿಗೆ ಇಳಿಯುವುದು?

2005ರ ಜೂನ್ 9ರಂದು ಬಾಸ್ಟನ್‌ನಲ್ಲಿ ಇಬ್ಬರು ಕಂಟ್ರೋಲರ್‌ಗಳು ಅಡ್ಡಹಾಯುವ ಎರಡು ರನ್‌ವೇಗಳಲ್ಲಿ ಐದು ಸೆಕೆಂಡುಗಳ ಅಂತರದಲ್ಲಿ ಎರಡು ವಿಮಾನಗಳಿಗೆ ಏರಲು ಅನುಮತಿ ಕೊಟ್ಟರು. ಒಂದು ಏರ್ ಲಿಂಗಸ್‌ನ ಏರ್‌ಬಸ್, ಇನ್ನೊಂದು ಯುಎಸ್ ಏರ್‌ವೇಸ್‌ನ ಬೋಯಿಂಗ್ 737. ಏರ್‌ಬಸ್ ಮೇಲೇಳುವುದನ್ನು ಕಂಡ ಬೋಯಿಂಗ್‌ನ ಸಹ ಪೈಲಟ್ ಮೂತಿಯನ್ನು ಎತ್ತಗೊಡಲಿಲ್ಲ. ವಿಮಾನ ನೆಲದ ಮೇಲೆಯೇ ಓಡಿ, ಏರ್‌ಬಸ್‌ನ ಕೆಳಗೆ ಹಾಯ್ದು, ಉಳಿದ ರನ್‌ವೇಯಲ್ಲಿ ಮೇಲೆದ್ದಿತು. ನಡುವೆ ಇದ್ದ ಅಂತರ 171 ಅಡಿ ಎಂದು ಅಂದಾಜು. ಕಾಪಾಡಿದ್ದು ಕಣ್ಣು.

ಪ್ರಶ್ನೆ (ಅದೇ ವಿದ್ಯಾರ್ಥಿ): ಇಳಿದ ವಿಮಾನವನ್ನು ಅಡ್ಡಹಾಯುವ ಜಾಗಕ್ಕೆ ಮೊದಲೇ ನಿಲ್ಲಿಸಿದರೆ ಆಗದೇ?

ಉತ್ತರ: ಅಮೆರಿಕದಲ್ಲಿ ಆ ಪದ್ಧತಿ ಇದೆ. ಆದರೆ ಪೈಲಟ್ ಒಪ್ಪಿ, ಸೂಚನೆಯನ್ನು ಪೂರ್ತಿ ಮರಳಿ ಹೇಳಬೇಕು. ಆಗುವುದಿಲ್ಲ ಎನ್ನುವ ಅಧಿಕಾರ ಅವನಿಗಿದೆ, ಕಾರಣ ಕೇಳುತ್ತಾ ಕೂರುವಂತಿಲ್ಲ. ರನ್‌ವೇ ಒದ್ದೆಯಾಗಿದ್ದರೆ ಆ ಮಾತೇ ಇಲ್ಲ. ಜುಲೈ ತಿಂಗಳ ಮುಂಬೈಯನ್ನು ನೆನೆದುಕೊಂಡರೆ ಅದು ನಮಗೇಕೆ ಒಗ್ಗುವುದಿಲ್ಲ ಎಂಬುದು ತಿಳಿಯುತ್ತದೆ.