ವ್ಲಾಡಿವಾಸ್ಟಾಕ್‌ನಲ್ಲಿ ಎಂಟು ಗಂಟೆ: ದೊಡ್ಡಪ್ಪನ ಫಾರ್ವರ್ಡ್

*ದೊಡ್ಡಪ್ಪ:* (ಫಾರ್ವರ್ಡ್ ಆಗಿದ್ದು) "ಜನವರಿ ಕ್ರೂಸ್, ರಷ್ಯಾದ ಪೂರ್ವ ತುದಿಯ ವ್ಲಾಡಿವಾಸ್ಟಾಕ್ ದಡದಲ್ಲಿ 8 ಗಂಟೆ. 72 ಗಂಟೆ ವೀಸಾ ಬೇಕಿಲ್ಲ! ಊರಿರೋದು 43 ಡಿಗ್ರಿ ಅಕ್ಷಾಂಶದಲ್ಲಿ, ಫ್ರಾನ್ಸಿನ ಮಾರ್ಸೇ ಇದ್ದ ಹಾಗೆ, ಅಂಥಾ ಚಳಿ ಏನಿಲ್ಲ. ಒಂದು ದಪ್ಪ ಜಾಕೆಟ್, ಜೀನ್ಸ್ ಸಾಕು. ಹೆಪ್ಪುಗಟ್ಟಿದ ಕಡಲ ಮೇಲೆ ನಡೀರಿ!" 🙏

*ಹಡಗಿನ ಭಾವ:* ಅಕ್ಷಾಂಶ ಒಂದು ಸರಿ. ಮಿಕ್ಕಿದ್ದೆಲ್ಲ ಎಡವಟ್ಟು.

*ದೊಡ್ಡಪ್ಪ:* ಮ್ಯಾಪ್ ಸುಳ್ಳು ಹೇಳುತ್ತೇನಪ್ಪ?

*ಹಡಗಿನ ಭಾವ:* ಮ್ಯಾಪಲ್ಲಿ ಗಾಳಿ ಕಾಣಲ್ಲ. ಚಳಿಗಾಲ ಪೂರ್ತಿ ಸೈಬೀರಿಯಾದ ಒಣಗಾಳಿ ನೆಲದ ಕಡೆಯಿಂದ ಕಡಲಿಗೆ ನುಗ್ಗುತ್ತೆ. ಜನವರಿ ಸರಾಸರಿ ಮೈನಸ್ 12ರ ಆಸುಪಾಸು. ಧ್ರುವವೃತ್ತ ದಾಟಿ 69 ಡಿಗ್ರಿ ಹತ್ತಿರ ಇರೋ ರಷ್ಯಾದ್ದೇ ಇನ್ನೊಂದು ಬಂದರು ಮುರ್ಮಾನ್ಸ್ಕ್ ಇದಕ್ಕಿಂತ ಒಂದೆರಡು ಡಿಗ್ರಿ ಬೆಚ್ಚಗೆ, ಅಲ್ಲಿಗೆ ಅಟ್ಲಾಂಟಿಕ್‌ನ ಬಿಸಿ ಪ್ರವಾಹ ತಲುಪುತ್ತೆ. ಅಲ್ಲಿನ ಬಂದರು ಹೆಪ್ಪುಗಟ್ಟಲ್ಲ, ಇಲ್ಲಿ ಅಮೂರ್ ಕೊಲ್ಲಿ ಗಟ್ಟಿಯಾಗುತ್ತೆ.

*ಪುಟ್ಟಿ:* ಮೈನಸ್ 15, ಗಾಳಿ ಗಂಟೆಗೆ 30 ಕಿ.ಮೀ. ಇದ್ರೆ ಮುಖಕ್ಕೆ ಮೈನಸ್ 26ರ ಹಾಗೆ ಹೊಡೆಯುತ್ತೆ. ಜೀನ್ಸ್ ಹತ್ತಿ ಬಟ್ಟೆ, ಗಾಳಿ ತಡೆಯಲ್ಲ, ಒದ್ದೆಯಾದ್ರೆ ಒಣಗಲ್ಲ.

*ಚಿಕ್ಕಮ್ಮ:* ಅದಕ್ಕೇ ದಪ್ಪ ಜಾಕೆಟ್ ಅಂದಿರೋದು.

*ಪುಟ್ಟಿ:* ದಪ್ಪದ್ದು ಒಂದೇ ಇದ್ರೆ ಎಡವಟ್ಟು ಶುರುವಾಗೋದು ಒಳಗಡೆ ಚಿಕ್ಕಮ್ಮ. ಅಲ್ಲಿ ಅಂಗಡಿ, ಮ್ಯೂಸಿಯಂ ಎಲ್ಲ 22 ಡಿಗ್ರಿ ಮೇಲೆ. ಬೆವರಿ ಹೊರಗೆ ಬಂದ್ರೆ ಆ ಒದ್ದೆನೇ ನಡುಗಿಸುತ್ತೆ. ಮೈಗೆ ತೆಳು ಉಣ್ಣೆ, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯೋ ಕೋಟು. ಒಳಗೆ ಹೋದ ತಕ್ಷಣ ಕಳಚೋದು. ಶೂ ಒಂದು ಸೈಜ್ ದೊಡ್ಡದು. ಬಿಗಿ ಶೂಗೆ ಎರಡು ಕಾಲುಚೀಲ ತುರುಕಿದ್ರೆ ರಕ್ತ ಓಡಲ್ಲ, ಬೆರಳು ಮೊದಲೇ ಮರಗಟ್ಟುತ್ತೆ. ಊರೆಲ್ಲ ಏರು ತಗ್ಗು, ಜಾರದ ಹಾಗೆ ಶೂ ಅಡಿಗೆ ರಬ್ಬರಿನ ಮುಳ್ಳುಪಟ್ಟಿ ಹಾಕ್ಕೊಳ್ಳಿ.

*ಕಿರಿ ಮಾವ:* ಎರಡು ಪೆಗ್ ವೋಡ್ಕಾ ಹಾಕಿದ್ರೆ ಯಾವ ಪಟ್ಟಿನೂ ಬೇಡ 😄

*ಪುಟ್ಟಿ:* ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗಾದ ಹಾಗೆ ಅನ್ನಿಸುತ್ತೆ ಮಾವ, ಮೈಯ ಶಾಖ ಹೊರಗೆ ಸೋರುತ್ತೆ.

*ದೊಡ್ಡಪ್ಪ:* ಅಲ್ಲಿಯವರೇ ಕಡಲ ಮೇಲೆ ಕೂತು ಮೀನು ಹಿಡೀತಾರೆ, ವಿಡಿಯೊ ಇದೆ.

*ಹಡಗಿನ ಭಾವ:* ಅವರ ಕೈಲಿ ತೂತು ಕೊರೆಯೋ ಸಲಕರಣೆ ಇರುತ್ತೆ, ದಪ್ಪ ನೋಡ್ಕೊಂಡು ಕೂರ್ತಾರೆ. ಸಿಹಿನೀರಿನ ಗಟ್ಟಿ ಮಂಜುಗಡ್ಡೆ ಒಬ್ಬರಿಗೆ 10 ಸೆಂ.ಮೀ. ಸಾಕು. ಕಡಲಿನದ್ದರಲ್ಲಿ ಉಪ್ಪುನೀರಿನ ಸಣ್ಣ ಸಣ್ಣ ಗೂಡಿರುತ್ತೆ, ಅಷ್ಟೇ ದಪ್ಪಕ್ಕೆ ಅದು ಮೆದು. ದಡದ ಅಂಚಲ್ಲಿ, ಚರಂಡಿ ನೀರು ಸೇರೋ ಕಡೆ, ಹಡಗು ಓಡಾಡೋ ದಾರಿ ಪಕ್ಕದಲ್ಲಿ ಇನ್ನೂ ತೆಳು. ಮೇಲೆ ಹಿಮ ಕೂತ್ರೆ ಬಿರುಕೇ ಕಾಣಲ್ಲ.

*ಚಿಕ್ಕಮ್ಮ:* ವೀಸಾದ್ದೂ ಸುಳ್ಳಾ?

*ಹಡಗಿನ ಭಾವ:* ಅರ್ಧ ನಿಜ. ಆ 72 ಗಂಟೆ ಹಡಗಿನ ಟೂರ್ ಗುಂಪಿನ ಜೊತೆ ಇಳಿದು, ಗುಂಪಿನ ಜೊತೇನೇ ಹತ್ತೋರಿಗೆ. ಸ್ವಂತ ಸುತ್ತಬೇಕಾದ್ರೆ ಇ-ವೀಸಾ. 2023ರ ಆಗಸ್ಟ್‌ನಿಂದ ಭಾರತದವರಿಗೂ ಇದೆ, ಕನಿಷ್ಠ 4 ದಿನ ಮೊದಲು ಅರ್ಜಿ ಹಾಕ್ಬೇಕು. ನಮ್ಮ ಬ್ಯಾಂಕಿನ ಕಾರ್ಡುಗಳು, ಅಂದ್ರೆ ವೀಸಾ, ಮಾಸ್ಟರ್‌ಕಾರ್ಡ್ 2022ರ ಮಾರ್ಚ್‌ನಿಂದ ಅಲ್ಲಿ ನಡೆಯಲ್ಲ. ಮಡಿಕೆ, ಗೀಚು ಇಲ್ಲದ ಡಾಲರ್ ನೋಟು ತಗೊಂಡು ಬ್ಯಾಂಕಲ್ಲಿ ಪಾಸ್‌ಪೋರ್ಟ್ ತೋರಿಸಿ ಬದಲಾಯಿಸಿ.

ಇನ್ನೊಂದು, ಗಡಿಯಾರ. ಅಲ್ಲಿ ಕೊರಿಯಾ, ಜಪಾನ್‌ಗಿಂತ ಒಂದು ಗಂಟೆ ಮುಂದೆ. ಹಡಗಿನವರು ಗಡಿಯಾರನ ವ್ಲಾಡಿವಾಸ್ಟಾಕ್ ಸಮಯಕ್ಕೆ ತಿರುಗಿಸಿ, ನಿಮ್ಮ ಕೈಗಡಿಯಾರ ಕೊರಿಯಾದಲ್ಲೇ ನಿಂತಿದ್ರೆ ಒಂದು ಗಂಟೆ ತಡ, ಹಡಗು ಕಾಯಲ್ಲ. ಇಳಿಯೋ ಮುಂಚೆ ಏಣಿ ಹತ್ರ ವಾಪಸ್ ಹತ್ತೋ ಸಮಯ ಬರೆದ ಬೋರ್ಡ್ ಫೋಟೊ ತೆಗೀರಿ.

*ಪುಟ್ಟಿ:* ಫೋನ್ ಒಳಜೇಬಲ್ಲಿ. ಚಳಿಗೆ ಬ್ಯಾಟರಿ ಒಳರೋಧ ಏರಿ 40% ಇದ್ದಾಗಲೇ ಆಫ್ ಆಗ್ಬಹುದು. ಬೆಚ್ಚಗಾಗೋ ತನಕ ಚಾರ್ಜಿಗೆ ಹಾಕ್ಬೇಡಿ.

*ಚಿಕ್ಕಮ್ಮ:* ಊಟ? ಬೋರ್ಶ್ ಬೀಟ್‌ರೂಟ್ ಸಾರಲ್ವಾ?

*ಪುಟ್ಟಿ:* ಹೌದು, ಆದ್ರೆ ಅದರ ನೀರು ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ್ದು. "ಮಾಂಸ ಇಲ್ಲದ್ದು" ಅಂತ ಕೇಳಿದ್ರೆ ಮೀನು ಬರುತ್ತೆ. "ಪೋಸ್ತ್ನೊಯೆ" ಅಂತ ಕೇಳಿ, ಮಾಂಸ, ಹಾಲು, ಮೊಟ್ಟೆ ಇಲ್ಲದ ಉಪವಾಸದ ಅಡುಗೆ. ಜನವರಿ 6ರ ತನಕ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಕ್ರಿಸ್ಮಸ್ ಉಪವಾಸ, ಸಿಗೋ ಸಂಭವ ಹೆಚ್ಚು. ಆದ್ರೂ ಮೀನು ಇದೆಯಾ ಅಂತ ವಿಚಾರಿಸಿ, ಕೆಲವು ದಿನ ಅವರಿಗೆ ಮೀನು ನಡೆಯುತ್ತೆ.

*ದೊಡ್ಡಪ್ಪ:* ಹಾಗಾದ್ರೆ ನೋಡೋಕೆ ಏನೂ ಇಲ್ಲ ಅನ್ನಿ.

*ಹಡಗಿನ ಭಾವ:* ಯಾಕಿಲ್ಲ? ಹಡಗುಕಟ್ಟೆ ಬೆನ್ನಿಗೇ ರೈಲ್ವೆ ಸ್ಟೇಷನ್, ಪ್ಲಾಟ್‌ಫಾರ್ಮ್ ಮೇಲೆ ಮಾಸ್ಕೋದಿಂದ 9288 ಕಿ.ಮೀ. ಕಂಬ. ಅಲ್ಲಿಂದ ನಡ್ಕೊಂಡು ಈಗ ಮ್ಯೂಸಿಯಂ ಆಗಿರೋ ಎಸ್-56 ಜಲಾಂತರ್ಗಾಮಿ. ಒಳಗೆ ದುಂಡು ಕಿಂಡಿಯಲ್ಲಿ ಬಗ್ಗಿ ನುಸೀಬೇಕು, ಬೆನ್ನಿಗೆ ಚೀಲ ಬೇಡ. ಮೊಣಕಾಲು ನೋವಿನವರು ಹೊರಗಿಂದಲೇ ನೋಡಿ.

*ಪುಟ್ಟಿ:* ಮ್ಯೂಸಿಯಂಗಳಲ್ಲಿ ಕೋಟು ಬಾಗಿಲಲ್ಲೇ ಕೊಟ್ಟು ನಂಬರ್ ಬಿಲ್ಲೆ ತಗೋಬೇಕು. ಕಾಲರ್ ಒಳಗೆ ನೇತುಹಾಕೋ ಕುಣಿಕೆ ಇಲ್ದಿದ್ರೆ ಕೋಟು ತಗೊಳ್ಳೋ ಅಜ್ಜಿ ಬೈತಾರೆ. ದೊಡ್ಡಮ್ಮನ ಹತ್ರ ಹೊಲಿಸ್ಕೊಳ್ಳಿ.

*ದೊಡ್ಡಪ್ಪ:* ಹೊಲಿಸ್ತೀನಿ. ಆ ಮೆಸೇಜ್ ವಾಕಿಂಗ್ ಗ್ರೂಪಿಗೂ ಹಾಕ್ಬಿಟ್ಟಿದ್ದೆ, ಡಿಲೀಟ್ ಮಾಡೋದು ಹ್ಯಾಗೆ?